ನಾಲ್ಕನೇ ಮನೆಗೆ ಬಂದ ಲಕೋಟೆ

ಕಳೆದ ತಿಂಗಳು ಒಂದು ಮಂಗಳವಾರ ನಮ್ಮ ಮನೆ ಗೇಟಿನ ಮುಂದೆ ಹಿರಿಯರೊಬ್ಬರು ಬಂದು ನಿಂತು ನನ್ನ ಕಾರಿನ ಚಾಸಿ ನಂಬರ್ ಕೇಳಿದರು. ನಾನು ಅವರನ್ನು ಕಳ್ಳ ಅಂದುಕೊಂಡೆ.

ತಪ್ಪು ಪೂರ್ತಿ ನನ್ನದಲ್ಲ ಅಂತ ವಾದ ಮಾಡಬಹುದು. ಅದಕ್ಕೆ ಎರಡೇ ವಾರ ಮೊದಲು ಇದೇ ಅಂಕಣದಲ್ಲಿ ನಾನು ನಿಮಗೆ ಉಪದೇಶ ಮಾಡಿದ್ದೆ. ಅಪರಿಚಿತರು ಬಂದು ಯಾವ ನಂಬರ್ ಕೇಳಿದರೂ ಕೊಡಬೇಡಿ, ಎಷ್ಟೇ ಸಾಧುವಾಗಿ ಕಂಡರೂ ನಂಬಬೇಡಿ, ಸಾಧುವಾಗಿ ಕಾಣುವುದೇ ಅವರ ಬಂಡವಾಳ ಅಂತೆಲ್ಲ. ನಿಮ್ಮಲ್ಲಿ ಹಲವರು ಫೋನ್ ಮಾಡಿ ಹೊಗಳಿದ್ದಿರಿ. (ಒಬ್ಬರಂತೂ ಅದನ್ನು ಜೆರಾಕ್ಸ್ ಮಾಡಿಸಿ ತಮ್ಮ ಅಂಗಡಿ ಗೋಡೆಗೆ ಅಂಟಿಸಿದ್ದಾರಂತೆ. ದಯವಿಟ್ಟು ಈಗಲೇ ಕಿತ್ತುಹಾಕಿ.) ಹೊಗಳಿಕೆ ಇನ್ನೂ ತಲೆಯಲ್ಲಿ ಸುತ್ತುತ್ತಿರುವಾಗಲೇ ಈ ಮನುಷ್ಯ ಬಂದರು.

ಮೊದಲು ಕಾರಿನ ವಿಚಾರ ಹೇಳಿಬಿಡುತ್ತೇನೆ. ಬಣ್ಣ ಕೆಂಪು. ಬಾನೆಟ್ ಮಾತ್ರ ಬಿಸಿಲಿಗೆ ಬಿಳಿಚಿಕೊಂಡಿದೆ. ಮರ್ಯಾದೆಗೆ ಸೆಕೆಂಡ್ ಹ್ಯಾಂಡ್ ಅನ್ನುತ್ತೇವೆ, ನಿಜ ಹೇಳಬೇಕೆಂದರೆ ಫೋರ್ತ್ ಹ್ಯಾಂಡ್. ಮೂರು ವರ್ಷದ ಹಿಂದೆ ಬೇತಮಂಗಲದ ಒಬ್ಬ ನರ್ಸರಿಯವರ ಹತ್ತಿರ ತೆಗೆದುಕೊಂಡಿದ್ದು. ಆಗ ಅದರ ಹಿಂದಿನ ಸೀಟಿನ ತುಂಬ ಟೊಮ್ಯಾಟೊ ಸಸಿ ಸಾಗಿಸಿದ ಮಣ್ಣಿತ್ತು. ನನ್ನ ಮಗಳು ಸಿಂಧು ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಬಂಗಾರಪೇಟೆಯಿಂದ ದಿನಾ ಅದರಲ್ಲೇ ಹೋಗಿಬರುತ್ತಾಳೆ. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದೇನೆ, ಕಾರು ತೊಳೆಯುವುದು ನನ್ನ ಪಾಲಿನ ಕೆಲಸ.

ಬಂದವರಿಗೆ ಎಪ್ಪತ್ತು ದಾಟಿರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೊಂದು ಕೆಂಪು ಟವೆಲ್ಲು, ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಹೆಸರು ಮುನಿಶಾಮಪ್ಪ ಅಂದರು, ಊರು ಕೆಜಿಎಫ್‌ನ ಮೈಸೂರು ಮೈನ್ಸ್ ಅಂದರು.

"ಸಾಮಿ, ಕೆಂಪು ಕಾರು ನಿಮ್ದೇ ಅಲ್ವಾ? ಅದ್ರ ಚಾಸಿ ನಂಬರ್ ಒಂದ್ಸಲ ನೋಡ್ಬಿಟ್ಟು ಓಗ್ತೀನಿ."

ಯಾಕೆ ಅಂದೆ. ಆ ಕಾರನ್ನು ಹೊಸದಾಗಿ ಕೊಂಡಿದ್ದು ತಾನೇ ಎಂದರು. ಈಗ ಕಂಪನಿಯಿಂದ ಕಾಗದ ಬಂದಿದೆಯಂತೆ, ಒಳಗಿನ ಗಾಳಿ ಚೀಲದಲ್ಲಿ ಏನೋ ಐಬು ಇದೆಯಂತೆ, ವಾಪಸ್ ಕರೆದು ರಿಪೇರಿ ಮಾಡಿಕೊಡುತ್ತಾರಂತೆ. ಇದೇ ಆ ಕಾರು ಹೌದೋ ಅಲ್ಲವೋ ಅಂತ ನಂಬರ್ ನೋಡಬೇಕಂತೆ.

ಕಥೆ ಚೆನ್ನಾಗಿದೆ ಅಂದುಕೊಂಡೆ. ಆರ್‌ಸಿ ನನ್ನ ಹೆಸರಲ್ಲಿದೆ. ವಿಮೆ ನನ್ನ ಹೆಸರಲ್ಲಿದೆ. ಕಾಗದ ಬರುವುದಿದ್ದರೆ ನನಗೆ ಬರಬೇಕಲ್ಲ, ಎಂದೋ ಮಾರಿದವರಿಗೆ ಯಾಕೆ ಬರುತ್ತದೆ? ನೀವಾದರೂ ಇದನ್ನೇ ಕೇಳುತ್ತಿದ್ದಿರೋ ಇಲ್ಲವೋ? ಕಾರು ಮನೆಯಲ್ಲಿಲ್ಲ ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಈಗಿನ ಕಾಲದಲ್ಲಿ ಮೋಸ ಹೇಗೆಲ್ಲ ನಡೆಯುತ್ತದೆ ಅಂತ ಗೇಟಿನ ಈಚೆ ನಿಂತು ಹತ್ತು ನಿಮಿಷ ಪಾಠ ಬೇರೆ ಮಾಡಿದೆ. ಅವರು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ನೀವು ಹೇಳುವುದೂ ಸರಿಯೇ ಅಂತ ಹೇಳಿ ಹೊರಟುಹೋದರು.

ಶುಕ್ರವಾರ ಮತ್ತೆ ಬಂದರು. ಆಗ ಸಾಯಂಕಾಲ ನಾಲ್ಕು ಗಂಟೆ. ಈ ಸಲ ನಾನು ಗೇಟಿನ ಚಿಲಕ ಕೂಡ ತೆಗೆಯಲಿಲ್ಲ. ಅವರು ಕವರಿನಿಂದ ಒಂದು ಹಾಳೆ ತೆಗೆದು, ಓದಿ ನೋಡಿ ಅಂತ ಕಂಬಿಯ ಸಂದಿಯಿಂದ ಚಾಚಿದರು. ನಾನು ಮುಟ್ಟಲಿಲ್ಲ. ಇನ್ನೊಂದು ಸಲ ಬಂದರೆ ಪೊಲೀಸರಿಗೆ ಹೇಳುತ್ತೇನೆ ಅಂದೆ.

ಹೌದು, ಪೊಲೀಸ್ ಅಂದೆ. ನನಗಿಂತ ಹತ್ತು ವರ್ಷ ದೊಡ್ಡವರಿಗೆ, ಬಸ್ಸು ಹಿಡಿದು ಎರಡು ಸಲ ಬಂದವರಿಗೆ, ಒಂದು ಲೋಟ ನೀರು ಕೂಡ ಕೊಡದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವರು ಗೇಟಿಗೆ ನೇತು ಹಾಕಿದ್ದ ಹಾಲಿನ ಚೀಲದೊಳಗೆ ಆ ಹಾಳೆಯನ್ನು ಇಳಿಬಿಟ್ಟು ಹೋದರು.

ಚೀಲ ತರಲು ಹೋದ ನನ್ನ ಹೆಂಡತಿ ಹಾಳೆ ಓದಿಕೊಂಡೇ ಒಳಗೆ ಬಂದಳು. ಅದು ಇಂಗ್ಲಿಷ್ ಕಾಗದದ ಜೆರಾಕ್ಸು. ಅವಳು ನನ್ನ ಹಾಗೆ ಅಂಕಣ ಬರೆಯುವುದಿಲ್ಲ, ಹಾಗಾಗಿ ಯೋಚನೆ ಮಾಡುತ್ತಾಳೆ. ಬೀರುವಿನಿಂದ ಆರ್‌ಸಿ ತಂದು ನನ್ನ ಕೈಗೆ ಕೊಟ್ಟು, ನಾನು ಓದುತ್ತೇನೆ ನೀವು ನೋಡಿ ಅಂದಳು. ಚಾಸಿ ನಂಬರ್ ಅಂದರೆ ಹದಿನೇಳು ಅಕ್ಷರ, ಅಂಕಿ. ಅವಳು ಒಂದೊಂದಾಗಿ ಓದಿದಳು, ನಾನು ಒಂದೊಂದರ ಮೇಲೂ ಬೆರಳಿಟ್ಟೆ. ಹತ್ತನೆಯದು ಸರಿಯಾಯಿತು. ಹದಿಮೂರನೆಯದೂ ಸರಿಯಾಯಿತು. ಎಲ್ಲಾದರೂ ತಪ್ಪಲಿ ಅಂತ ನಾನು ಕಾಯುತ್ತಿದ್ದೆ. ಹದಿನೇಳನೆಯದೂ ಸರಿಯಾಗಿತ್ತು.

ಕಾಗದದಲ್ಲಿ ಇದ್ದದ್ದು ಇಷ್ಟು. ಅಪಘಾತವಾದಾಗ ಡ್ರೈವರ್ ಮುಂದಿನ ಏರ್‌ಬ್ಯಾಗ್ ಉಬ್ಬಿ ಕಾಪಾಡಬೇಕು. ಅದನ್ನು ಉಬ್ಬಿಸಲು ಸ್ಟಿಯರಿಂಗ್ ಒಳಗೆ ಸಿಡಿಮದ್ದು ತುಂಬಿದ ಒಂದು ಲೋಹದ ಡಬ್ಬಿ ಇರುತ್ತದೆ. ವರ್ಷಗಟ್ಟಲೆ ಬಿಸಿಲು, ತೇವ ಕುಡಿದು ಆ ಮದ್ದು ಕೆಟ್ಟಿರಬಹುದು. ಕೆಟ್ಟಿದ್ದರೆ ಡಬ್ಬಿಯೇ ಒಡೆದು ಚೂರುಗಳು ಓಡಿಸುವವರ ಮುಖಕ್ಕೆ, ಕತ್ತಿಗೆ ಸಿಡಿಯಬಹುದು. ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ, ಅಲ್ಲಿಯವರೆಗೆ ಓಡಿಸಬೇಡಿ.

ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. ಸಿಂಧು ಶಾಲೆಯಿಂದ ಹೊರಡುವ ಹೊತ್ತು.

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ. (ಕಲಿಸಿದ್ದು ನಾನೇ. ಆ ವಿಷಯದ ಮೇಲೂ ಒಂದು ಅಂಕಣ ಬರೆದಿದ್ದೆ.)

ಅಪಘಾತ ಆದರೆ ಮಾತ್ರ ತಾನೇ ಈ ಡಬ್ಬಿ ಒಡೆಯುವುದು? ಮೂರು ವರ್ಷದಿಂದ ಅದೇ ಕಾರು ಓಡಿಸುತ್ತಿಲ್ಲವೇ? ಇನ್ನು ಅರ್ಧ ಗಂಟೆಯಲ್ಲಿ ಏನಾಗಿಬಿಡುತ್ತದೆ? ಇದೆಲ್ಲ ಬುದ್ಧಿಗೆ ಹೊಳೆಯಿತು. ಆದರೂ ಮೂರು ವರ್ಷ ನನ್ನ ಮಗಳ ಮುಖದಿಂದ ಒಂದು ಮೊಳ ದೂರದಲ್ಲಿ ಅದು ಕೂತಿತ್ತು, ಮತ್ತು ನಾನು ಪ್ರತಿ ಭಾನುವಾರ ಅದರ ಮೇಲಿನ ಧೂಳು ಒರೆಸಿದ್ದೆ.

ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ಓಡಿದೆ. ಮುನಿಶಾಮಪ್ಪ ಕಲ್ಲುಬೆಂಚಿನ ಮೇಲೆ ಕವರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಂಬರ್ ಸರಿಹೋಯಿತು ಅಂದೆ. ಕ್ಷಮಿಸಿ ಅಂದೆನೋ ಇಲ್ಲವೋ ನೆನಪಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ.

"ಈಗ ಯಾರ್ ಓಡಿಸ್ತವ್ರೆ?" ಅಂದರು.

ಮಗಳು ಅಂದೆ. ಯಾವ ಕಡೆಯಿಂದ ಬರುತ್ತಾಳೆ ಅಂತ ಕೇಳಿದರು. ಆಂಡರ್ಸನ್‌ಪೇಟೆ, ಆಮೇಲೆ ಊರ್ಗಾಂ ದಾರಿ ಅಂದೆ. ಜೇಬಿನಿಂದ ಬಟನ್ ಫೋನ್ ತೆಗೆದು ಯಾರಿಗೋ ತಮಿಳಿನಲ್ಲಿ ನಾಲ್ಕೇ ಮಾತು ಹೇಳಿದರು. ಕೆಂಪು ಕಾರು, ಹೆಣ್ಣುಮಗಳು ಓಡಿಸುತ್ತಾಳೆ, ನಿಲ್ಲಿಸು, ಕಾರಣ ಆಮೇಲೆ. ಆ ಕಡೆಯವರು ಯಾಕೆ ಅಂತಲೂ ಕೇಳಿದ ಹಾಗೆ ಕಾಣಲಿಲ್ಲ.

ಆಟೊ ಹಿಡಿದೆವು. ನಾನು ಬೇಗ ಹೋಗಪ್ಪ ಅಂದೆ. ಅವರು ಆಟೊದವನ ಭುಜ ಮುಟ್ಟಿ ನಿಧಾನಕ್ಕೆ ಹೋಗು ಅಂದರು. ನಾವು ದಾರಿಯಲ್ಲಿ ಬಿದ್ದರೆ ಅವಳನ್ನು ನಿಲ್ಲಿಸುವವರು ಒಬ್ಬರು ಕಡಿಮೆಯಾಗುತ್ತಾರೆ ಎಂದರು.

ಆ ಆಟೊದಲ್ಲಿ ನನಗೆ ನಮ್ಮಮ್ಮ ನೆನಪಾದಳು.

ನಾನು ಹುಟ್ಟಿ ಬೆಳೆದದ್ದು ಅದೇ ಮೈಸೂರು ಮೈನ್ಸ್‌ನ ಕೂಲಿ ಲೈನಿನಲ್ಲಿ. ತಗಡಿನ ಸೂರು, ಒಂದೇ ಕೋಣೆ, ಅಕ್ಕಪಕ್ಕದ ಮನೆಗೂ ನಮಗೂ ನಡುವೆ ತಡಿಕೆ ಗೋಡೆ. ಆಚೆ ಮನೆಯವರು ತಮಿಳಿನಲ್ಲಿ ಜಗಳ ಆಡಿದರೆ ನಾವು ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದೆವು. ಅಪ್ಪ ಗಣಿಯ ಕೆಳಗೆ ಇಳಿಯುತ್ತಿದ್ದರು. ಲೈನಿನ ಯಾವ ಬಾಗಿಲಲ್ಲಿ ನಿಂತರೂ ಶಾಫ್ಟಿನ, ಅಂದರೆ ಗಣಿಯ ಬಾಯಿಯ, ಮೇಲಿನ ದೊಡ್ಡ ಚಕ್ರ ಕಾಣುತ್ತಿತ್ತು. ಅದು ತಿರುಗುತ್ತಿದೆ ಅಂದರೆ ಕೇಜು ಓಡಾಡುತ್ತಿದೆ, ಅಂದರೆ ಜನ ಇಳಿಯುತ್ತಿದ್ದಾರೆ, ಹತ್ತುತ್ತಿದ್ದಾರೆ. ಕೇಜು ಅಂದರೆ ಆಳುಗಳನ್ನು ನಿಲ್ಲಿಸಿಕೊಂಡು ನೆಲದೊಳಕ್ಕೆ ಇಳಿಯುವ ಕಬ್ಬಿಣದ ಗೂಡು.

ಲೈನಿನ ಹೆಂಗಸರು ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಕಣ್ಣು ಆ ಚಕ್ರದ ಮೇಲೆ ಇಟ್ಟುಕೊಂಡೇ ಅಡುಗೆ ಮಾಡುತ್ತಿದ್ದರು. ನಿಲ್ಲಬಾರದ ಹೊತ್ತಿನಲ್ಲಿ ಚಕ್ರ ನಿಂತರೆ ಮುಗಿಯಿತು. ನಮ್ಮಮ್ಮ ಒಗ್ಗರಣೆ ಅರ್ಧಕ್ಕೆ ಬಿಟ್ಟು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಶಾಫ್ಟಿನ ಕಡೆ ಓಡುತ್ತಿದ್ದಳು. ಹೆಚ್ಚಿನ ಸಲ ಏನೂ ಆಗಿರುತ್ತಿರಲಿಲ್ಲ. ಹಗ್ಗಕ್ಕೆ ಗ್ರೀಸ್ ಹಾಕುತ್ತಿರುತ್ತಿದ್ದರು, ಅಷ್ಟೇ. ಅಮ್ಮ ಬೈದುಕೊಂಡು ವಾಪಸ್ ಬರುತ್ತಿದ್ದಳು, ಸಾರು ಸೀದು ಹೋಗಿರುತ್ತಿತ್ತು. ಮುಂದಿನ ಸಲವೂ ಓಡುತ್ತಿದ್ದಳು. ಸುಮ್ಮನೆ ಯಾಕಮ್ಮ ಓಡುತ್ತೀ ಅಂತ ದೊಡ್ಡವನಾದ ಮೇಲೆ ನಗಾಡಿದ್ದೆ. ಅರವತ್ತೊಂದನೇ ವಯಸ್ಸಿನಲ್ಲಿ, ಊರ್ಗಾಂ ರಸ್ತೆಯ ಆಟೊದಲ್ಲಿ ನನಗೆ ಉತ್ತರ ಸಿಕ್ಕಿತು.

ಊರ್ಗಾಂ ತಿರುವಿನ ಚಹಾ ಅಂಗಡಿ ಮುಂದೆ ಮುನಿಶಾಮಪ್ಪನ ಗಣಿ ಕಾಲದ ಗೆಳೆಯರು, ಮೂವರು ಮುದುಕರು, ರಸ್ತೆಗೆ ಅಡ್ಡಲಾಗಿ ನಿಂತಿದ್ದರು. ಹಿಂದೆ ನಮ್ಮ ಕಾರು ಇತ್ತು. ಸಿಂಧು ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ಅಂಗಡಿಯವರು ಕಾರಿನ ಕೀಯನ್ನು ಬಿಸ್ಕೆಟ್ ಜಾಡಿಯೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿಟ್ಟಿದ್ದರು.

"ಅಪ್ಪಾ, ಈ ತಾತಂದಿರು ನನ್ನನ್ನ ಕಿಡ್ನ್ಯಾಪ್ ಮಾಡಿದ್ದಾರೆ. ಟೀ ಚೆನ್ನಾಗಿದೆ" ಅಂದಳು.

ನಾನು ಅವಳ ಪಕ್ಕ ಕೂತು ಅವಳ ತಲೆ ಮುಟ್ಟಿದೆ. ಅವಳಿಗೆ ಅದು ವಿಚಿತ್ರ ಅನಿಸಿರಬೇಕು. ಮಗಳ ತಲೆ ಮುಟ್ಟಿ ಎಷ್ಟು ವರ್ಷವಾಗಿತ್ತೋ.

ವಿಷಯ ತಿಳಿದ ಮೇಲೆ ಗಣಿತದ ಟೀಚರ್ ಲೆಕ್ಕ ಹಾಕಿದಳು. ಅಪಘಾತ ಆಗಬೇಕು, ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕು, ಅದರಲ್ಲೂ ಮದ್ದು ಕೆಟ್ಟಿರಬೇಕು. ಇಷ್ಟೆಲ್ಲ ಒಟ್ಟಿಗೆ ಆಗುವುದು ಅಪರೂಪ ತಾತ, ಅದಕ್ಕೋಸ್ಕರ ಇಷ್ಟು ದಿನ ಊರೂರು ಅಲೆದಿರಾ ಅಂತ ಕೇಳಿಯೇಬಿಟ್ಟಳು.

ಮುನಿಶಾಮಪ್ಪ ಚಹಾ ಸಾಸರಿಗೆ ಬಗ್ಗಿಸಿಕೊಂಡು ಆರಿಸುತ್ತಿದ್ದರು. ಕುಡಿದು ಮುಗಿಸಿದ ಮೇಲೆಯೇ ಮಾತಾಡಿದ್ದು.

"ಇಪ್ಪತ್ತೆಂಟ್ ವರ್ಸ ಶಾಫ್ಟ್ ಬಾಯಾಗೆ ನಿಂತೋನಮ್ಮ ನಾನು. ಕೇಜ್‌ನಾಗೆ ಆಳ್ಗಳ್ನ ಇಳಿಸೋದು, ಅತ್ತಿಸೋದು, ಅದೇ ನನ್ ಕೆಲ್ಸ. ಎಷ್ಟ್ ಜನುನ್ನ ಇಳಿಸ್ದೆ ಅಂತ ತಲೇಲಿ ಇರ್ಬೇಕು. ಅಷ್ಟೂ ಜನ ಮ್ಯಾಕ್ ಬರೋಗಂಟ ನಾನ್ ಮನೇಗ್ ಓಗಂಗಿಲ್ಲ. ನನ್ ಶಿಫ್ಟ್ ಮುಗೀತು ಅಂದ್ರೆ ಯಾರೂ ಒಪ್ಪಾಕಿಲ್ಲ. ಕಾರು ಮಾರ್ದೋನು ನಾನು. ಅದ್ರಾಗೆ ಯಾರ್ ಕೂತಿದ್ರೂ ನಾನ್ ಇಳಿಸ್ದೋರೇ ಅಲ್ವಾ?"

ಸಿಂಧು ಬನ್ನು ಕೆಳಗಿಟ್ಟಳು.

ನನಗೆ ಆಸೆಯಾಯಿತು. ಅಪ್ಪನ ಹೆಸರು ಹೇಳಿದೆ, ನಮ್ಮ ಲೈನು ಹೇಳಿದೆ, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು ಅಂತ ಗುರುತು ಹೇಳಿದೆ. ಸಿನಿಮಾ ಆಗಿದ್ದರೆ ಅವರು ಎದ್ದು ನನ್ನನ್ನು ತಬ್ಬಿಕೊಳ್ಳಬೇಕಿತ್ತು. ಮುನಿಶಾಮಪ್ಪ ತಲೆ ಅಲ್ಲಾಡಿಸಿದರು. ಸಾವಿರಾರು ಜನ, ಎಲ್ಲರ ಮುಖಕ್ಕೂ ಮಸಿ, ಯಾರದೂ ಗುರುತಿಲ್ಲ ಅಂದರು. ಆಮೇಲೆ ಅವರೇ ಕೇಳಿದರು.

"ನಿಮ್ಮಪ್ಪ ದಿನಾ ಮನೇಗ್ ಬತ್ತಿದ್ರಾ?"

ಬರುತ್ತಿದ್ದರು ಅಂದೆ. ರಿಟೈರ್ ಆಗುವವರೆಗೆ ಒಂದು ದಿನವೂ ತಪ್ಪದೆ ಬಂದರು.

"ಅಂಗಾದ್ರೆ ನಾನೂ ಒಂದಷ್ಟ್ ಸಲ ಅತ್ತಿಸಿರ್ತೀನಿ ಬುಡಿ."

ಅಂಗಡಿಯ ಹಿಂದೆ ಬೇತಮಂಗಲ ಕೆರೆಯ ನೀರು ತುಂಬಿಟ್ಟ ಡ್ರಮ್ಮಿತ್ತು. ಮುಖ ತೊಳೆದುಕೊಳ್ಳುತ್ತೇನೆ ಅಂತ ಎದ್ದು ಹೋದೆ. ಹದಿನೆಂಟು ವರ್ಷ ನಾನು ಅಪ್ಪ ತಂದ ಅನ್ನ ತಿಂದೆ. ಅಪ್ಪನನ್ನು ದಿನಾ ಮೇಲಕ್ಕೆ ತಂದವರು ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಮರುದಿನ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ನೀವು ಓಡಿಸಿಕೊಂಡು ಬರಬೇಡಿ ಅಂತ ಅವರೇ ಗಾಡಿ ಕಳಿಸಿ ಕಾರನ್ನು ಕೋಲಾರದ ಸರ್ವಿಸ್ ಸೆಂಟರಿಗೆ ಎಳೆದುಕೊಂಡು ಹೋದರು. ಸೋಮವಾರ ಸಿಂಧು ರಜೆ ಹಾಕಿದಳು, ನಾವಿಬ್ಬರೂ ಹೋದೆವು. ಮುನಿಶಾಮಪ್ಪ ನಮಗಿಂತ ಮೊದಲೇ ಬಸ್ಸಿನಲ್ಲಿ ಬಂದು ಕೂತಿದ್ದರು. ಕೆಲಸ ಹಿಡಿದದ್ದು ಒಂದು ಗಂಟೆಯೂ ಇಲ್ಲ. ಹಳೇ ಡಬ್ಬಿಯನ್ನು ಮೆಕ್ಯಾನಿಕ್ ತೋರಿಸಿದ. ಅಂಗೈ ಅಗಲದ್ದು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ.

ನನಗೆ ಕಾಗದ ಯಾಕೆ ಬರಲಿಲ್ಲ ಅಂತ ಅಲ್ಲಿಯ ಹುಡುಗಿಯನ್ನು ಕೇಳಿದೆ. ಹೊಸದಾಗಿ ಕೊಂಡವರ ವಿಳಾಸ ಮಾತ್ರ ತಮ್ಮಲ್ಲಿ ಇರುವುದು, ಆಮೇಲೆ ಕೈ ಬದಲಾದದ್ದು ಯಾರಾದರೂ ಬಂದು ಹೇಳಿದರೆ ತಾನೇ ಗೊತ್ತಾಗುವುದು ಅಂದಳು. ಅದೂ ನಿಜವೇ. ಮೂರು ವರ್ಷದಲ್ಲಿ ನಾನು ಆ ಕಾರಿಗೆ ಎಣ್ಣೆ ಹಾಕಿಸಿದ್ದು, ಬ್ರೇಕ್ ನೋಡಿಸಿದ್ದು ಎಲ್ಲ ನಮ್ಮ ಮನೆ ಹಿಂದಿನ ಗ್ಯಾರೇಜಿನಲ್ಲೇ.

ಮುನಿಶಾಮಪ್ಪ ಆ ಡಬ್ಬಿಯನ್ನೇ ನೋಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅವರು ಹತ್ತು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿ, ಆಮೇಲೆ ಈ ಕಾರನ್ನು ಕೊಂಡವರು. ಏರ್‌ಬ್ಯಾಗ್ ಇರುವ ಮಾಡೆಲ್ಲೇ ಬೇಕು ಅಂತ ಹಟ ಹಿಡಿದು ಎರಡು ತಿಂಗಳು ಕಾದಿದ್ದರಂತೆ. ಗಾಳಿ ತುಂಬಿದ ಚೀಲಕ್ಕೆ ಕಾಯುತ್ತಿದ್ದಾನೆ ಅಂತ ಲೈನಿನವರೆಲ್ಲ ನಕ್ಕಿದ್ದರಂತೆ. ಕಣ್ಣಿಗೆ ಪೊರೆ ಬಂದಾಗ ಕಾರು ಮಾರಿದರಂತೆ. ಇದನ್ನೆಲ್ಲ ಹೇಳಿ, ಕಾಪಾಡಲಿ ಅಂತ ತಂದದ್ದೇ ಹೀಗಾಯಿತಲ್ಲ ಅಂತ ಒಂದೇ ಒಂದು ಮಾತು ಅಂದರು.

ಅವರನ್ನು ಬಸ್ಸಿಗೆ ಬಿಡಲು ಸಿಂಧು ಒಪ್ಪಲಿಲ್ಲ. ಹೊಸ ಡಬ್ಬಿಯ ಕಾರಿನಲ್ಲಿ ತಾತನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೈಸೂರು ಮೈನ್ಸ್‌ಗೆ ಹೊರಟಳು. ನಾನು ಹಿಂದಿನ ಸೀಟಿನಲ್ಲಿ ಕೂತೆ.

ಎಷ್ಟೋ ವರ್ಷವಾಗಿತ್ತು ನಾನು ಆ ಕಡೆ ಹೋಗಿ. ಹೋಗಲು ಇಪ್ಪತ್ತು ನಿಮಿಷ ಸಾಕು, ಆದರೂ ಹೋಗಿರಲಿಲ್ಲ. ನಾವು ಜಾರುಬಂಡೆ ಆಡುತ್ತಿದ್ದ, ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ಗುಡ್ಡಗಳು ಹಾಗೇ ಇವೆ. ಗಾಳಿ ಬಂದರೆ ಈಗಲೂ ಬೂದಿ ಬಣ್ಣದ ಧೂಳು ಏಳುತ್ತದೆ. (ಅದರಲ್ಲಿ ಆಡಿ ಬಂದರೆ ಅಮ್ಮ ಬಾಗಿಲಾಚೆಯೇ ನಿಲ್ಲಿಸಿ ತಲೆ ಮೇಲೆ ನೀರು ಸುರಿಯುತ್ತಿದ್ದಳು.) ಚಕ್ರ ತುಕ್ಕು ಹಿಡಿದು ನಿಂತಿದೆ. ನಿಂತ ಚಕ್ರ ನೋಡಿದಾಗ ಈಗಲೂ ನನ್ನ ಎದೆ ಒಂದು ಸಲ ಹೊಡೆದುಕೊಂಡಿತು. ಓಡಬೇಕಾದವರು ಯಾರೂ ಇಲ್ಲ, ಇಳಿದವರೂ ಯಾರೂ ಇಲ್ಲ, ಅಂತ ಮನಸ್ಸಿಗೆ ಹೇಳಿಕೊಳ್ಳಬೇಕಾಯಿತು. ನಮ್ಮ ಮನೆ ಇದ್ದ ಲೈನಿನಲ್ಲಿ ಸೂರು ಇಲ್ಲ. ಒಲೆ ಇದ್ದ ಜಾಗದ ಗೋಡೆ ಮಾತ್ರ ಕಪ್ಪಗೆ ಉಳಿದಿದೆ. ಸಿಂಧುಗೆ ಅದನ್ನು ತೋರಿಸಿದೆ. ಅವಳು ಫೋಟೊ ತೆಗೆಯಲಿಲ್ಲ. ಒಳ್ಳೆಯ ಹುಡುಗಿ.

ಮುನಿಶಾಮಪ್ಪನ ಮನೆಯಲ್ಲಿ ಅವರ ಹೆಂಡತಿ ರತ್ನಮ್ಮ ಕಡಲೆಕಾಯಿ ಬೇಯಿಸಿ ಇಟ್ಟಿದ್ದರು. ಲಕೋಟೆಯ ಪೂರ್ತಿ ಕಥೆ ಗೊತ್ತಾದದ್ದು ಅವರಿಂದಲೇ.

ಆ ಲೈನುಗಳಲ್ಲಿ ಉಳಿದಿರುವ ಹಳೇ ಕೆಲಸಗಾರರೆಲ್ಲ ವರ್ಷಗಳಿಂದ ಒಂದು ಕಾಗದಕ್ಕೆ ಕಾಯುತ್ತಿದ್ದಾರೆ. ತಾವು ಇರುವ ಕ್ವಾರ್ಟರ್ಸ್ ತಮ್ಮ ಹೆಸರಿಗಾಗುವ ಕಾಗದ. ಹಾಗಾಗಿ ಪೋಸ್ಟ್‌ಮ್ಯಾನ್ ಒಂದು ಉದ್ದ ಲಕೋಟೆ ತಂದು, ಅದರ ಮೇಲೆ ಇಂಗ್ಲಿಷ್ ಅಕ್ಷರ, ಮುಂದುಗಡೆ ಹೆಸರು ಕಾಣುವ ಪಾರದರ್ಶಕ ಕಿಟಕಿ ಇದ್ದದ್ದು ನೋಡಿದ ಕೂಡಲೇ ಮನೆ ಕಾಗದ ಬಂತು ಅಂತ ಲೈನಿಗೆಲ್ಲ ಸುದ್ದಿ ಹಬ್ಬಿತು. ಮುನಿಶಾಮಪ್ಪ ಒಡೆಯಲಿಲ್ಲ. ಲಕೋಟೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಒಳ್ಳೆಯ ದಿನ ನೋಡಿ ಒಡೆಯೋಣ ಅಂತ ಐದು ದಿನ ಕಾದರು. ಐದನೇ ದಿನ ಬೆಳಿಗ್ಗೆ ಅಕ್ಕಪಕ್ಕದವರೆಲ್ಲ ಸ್ನಾನ ಮಾಡಿ ಬಂದು ಕೂತರು. ರತ್ನಮ್ಮ ಕೇಸರಿಭಾತು ಮಾಡಿದ್ದರು. ಪಕ್ಕದ ಮನೆಯ ಕಾಲೇಜು ಹುಡುಗಿ ಎದ್ದು ನಿಂತು ಓದಿದಳು. ಏರ್‌ಬ್ಯಾಗ್ ಅಂತ ಬಂದಾಗ ಯಾರಿಗೂ ಅರ್ಥವಾಗಲಿಲ್ಲ, ಮನೆಗೆ ಏರ್‌ಬ್ಯಾಗ್ ಯಾಕೆ ಕೊಡುತ್ತಾರೆ ಅಂತ ಒಬ್ಬರು ಕೇಳಿದರಂತೆ.

ಇದನ್ನು ಹೇಳುತ್ತಾ ರತ್ನಮ್ಮ ನಗುತ್ತಿದ್ದರು. ಸಿಂಧುವೂ ನಕ್ಕಳು. ನನಗೂ ನಗು ಬಂತು.

ಕೇಸರಿಭಾತು ತಿಂದು ಎಲ್ಲರೂ ಎದ್ದು ಹೋದ ಮೇಲೆ ಮುನಿಶಾಮಪ್ಪ ಆ ಹುಡುಗಿಯ ಹತ್ತಿರ ಕಾಗದವನ್ನು ಇನ್ನೊಂದು ಸಲ ಓದಿಸಿದರಂತೆ, ಒಂದೊಂದು ವಾಕ್ಯದ ಅರ್ಥ ಕೇಳಿಕೊಂಡು. ಮಧ್ಯಾಹ್ನವೇ ಹೊರಟರು. ಕಾರು ಮಾರಿದ್ದು ಆಂಡರ್ಸನ್‌ಪೇಟೆಯ ಒಬ್ಬ ಟೈಲರಿಗೆ. ಟೈಲರ್ ಅದನ್ನು ಬೇತಮಂಗಲದ ನರ್ಸರಿಯವರಿಗೆ ಮಾರಿದ್ದ. ನರ್ಸರಿಯವರಿಗೆ ನನ್ನ ಹೆಸರು ಮರೆತಿತ್ತು, ಬಂಗಾರಪೇಟೆಯಲ್ಲಿ ಪೇಪರಿಗೆ ಏನೋ ಬರೆಯುವ ಮೇಷ್ಟ್ರು ಅಂತ ಮಾತ್ರ ಹೇಳಿದರು. ಬಂಗಾರಪೇಟೆಗೆ ಬಂದು ಸ್ಟೇಷನ್ ಎದುರು ನಾಲ್ಕು ಪಾನಿಪುರಿ ಗಾಡಿಯವರನ್ನು ಕೇಳಿದರಂತೆ. ಯಾರಿಗೂ ನಾನು ಗೊತ್ತಿರಲಿಲ್ಲ. (ನನ್ನ ಖ್ಯಾತಿಯ ಬಗ್ಗೆ ಇನ್ನು ಯಾರೂ ಮಾತಾಡಬೇಡಿ.) ಕೊನೆಗೆ ಪೇಪರ್ ಹಾಕುವವನೇ ಮನೆ ತೋರಿಸಿದ. ಎರಡು ವಾರ ಅಲೆದು ಬಂದ ಮನುಷ್ಯನಿಗೆ ನಾನು ಗೇಟಿನಲ್ಲಿ ಮಾಡಿದ ಸತ್ಕಾರ ನಿಮಗೆ ಗೊತ್ತೇ ಇದೆ.

ಪೊಲೀಸ್ ಅಂದದ್ದಕ್ಕೆ ಅಲ್ಲೇ ಎಲ್ಲರ ಮುಂದೆ ಕ್ಷಮೆ ಕೇಳಿದೆ. ಮುನಿಶಾಮಪ್ಪ ಕೈ ಬೀಸಿ ಅದನ್ನು ತಳ್ಳಿಹಾಕಿದರು. ರತ್ನಮ್ಮ ನನ್ನ ಸಂಕಟ ನೋಡಿ ಸಮಾಧಾನ ಮಾಡಲು ಬಂದರು.

"ಅದುಕ್ಯಾಕ್ ಬೇಜಾರ್ ಮಾಡ್ಕತೀರ ಮೇಷ್ಟ್ರೇ. ನಿಮ್ಗೆ ಅಂಥ ಕಾಗ್ದ ಬಂದಿದ್ರೆ ನೀವೂ ಇಂಗೇ ಉಡುಕ್ಕೊಂಡ್ ಓಗ್ತಿದ್ರಿ."

ಕೈಯಲ್ಲಿದ್ದ ಕಡಲೆಕಾಯಿ ಬಿಡಿಸುವುದು ನಿಂತಿತು.

ಯಾಕೆಂದರೆ ನನಗೂ ಬಂದಿತ್ತು.

ಈ ಕೆಂಪು ಕಾರಿಗಿಂತ ಮೊದಲು ನಮ್ಮಲ್ಲೊಂದು ಬಿಳಿ ಕಾರಿತ್ತು. ಸಿಂಧು ಐದನೇ ಕ್ಲಾಸಿನಲ್ಲಿದ್ದಾಗ ಹೊಸದಾಗಿ ಕೊಂಡದ್ದು. ಮೂರು ವರ್ಷದ ಹಿಂದೆ ಕೋಳಿ ವ್ಯಾಪಾರ ಮಾಡುವ ಒಬ್ಬರಿಗೆ ಮಾರಿದೆ. ಮಾರಿದ ದಿನ ಸ್ವಲ್ಪ ಬೇಜಾರಾಗಿತ್ತು, ಅಷ್ಟೇ. ಹೋದ ವರ್ಷ ಒಂದು ಸಂಜೆ ಪಾನಿಪುರಿ ಗಾಡಿಯ ಮುಂದೆ ನಿಂತಿದ್ದಾಗ ಫೋನಿಗೆ ಮೆಸೇಜ್ ಬಂತು. ನಿಮ್ಮ ವಾಹನದ ಬ್ರೇಕಿನ ಒಂದು ಭಾಗದಲ್ಲಿ ದೋಷ ಇರುವ ಸಾಧ್ಯತೆ ಇದೆ, ಹತ್ತಿರದ ಸರ್ವಿಸ್ ಸೆಂಟರಿಗೆ ತನ್ನಿ, ಉಚಿತವಾಗಿ ಬದಲಾಯಿಸಿಕೊಡುತ್ತೇವೆ. ಒಂದು ಕೈಯಲ್ಲಿ ಪೂರಿ ಇತ್ತು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅದನ್ನು ಅಳಿಸಿದೆ. ನನ್ನ ಕಾರಲ್ಲವಲ್ಲ ಅಂದುಕೊಂಡೆ. ಮುಂದಿನ ಪೂರಿ ಬರುವಷ್ಟರಲ್ಲಿ ಮರೆತೂ ಹೋಗಿತ್ತು.

ಯಾರಿಗೂ ಒಂದು ಫೋನ್ ಮಾಡಲಿಲ್ಲ. ಕೋಳಿ ವ್ಯಾಪಾರಿಯ ನಂಬರ್ ನನ್ನ ಫೋನಿನಲ್ಲೇ ಇತ್ತು.

ಮುನಿಶಾಮಪ್ಪನ ಮನೆಯಲ್ಲೇ ಇದನ್ನು ಹೇಳಿಬಿಟ್ಟೆ. ಅವರು ಎದ್ದು ಗೋಡೆಯ ಗೂಟದಲ್ಲಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ಯಾವಾಗ ಓಗಾನ?" ಅಂದರು.

ಅಲ್ಲಿಂದಲೇ ಹೊರಟೆವು. ಕೋಳಿ ವ್ಯಾಪಾರಿ ಆ ಕಾರನ್ನು ಒಂದೇ ವರ್ಷ ಇಟ್ಟುಕೊಂಡು ಗಡಿಯಾಚೆ ಆಂಧ್ರದ ವಿ.ಕೋಟದ ಒಬ್ಬ ಡ್ರೈವರಿಗೆ ಕೊಟ್ಟಿದ್ದ. ಮುಂದಿನ ಭಾನುವಾರ ವಿ.ಕೋಟಕ್ಕೆ ಹೋದೆವು. ಆ ಡ್ರೈವರ್ ಅದನ್ನು ಮಾರಿ ಆರು ತಿಂಗಳಾಗಿತ್ತು. ಕೊಂಡವರು ನಮ್ಮ ಜಿಲ್ಲೆಯ ಕಡೆಯವರೇ, ಕನ್ನಡ ಮಾತಾಡುತ್ತಿದ್ದರು, ಜೊತೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದರು, ಮಕ್ಕಳು ಹತ್ತಿದ ತಕ್ಷಣ ಹಿಂದಿನ ಕಿಟಕಿಗಾಗಿ ಜಗಳ ಶುರು ಮಾಡಿದರು ಅಂದ. ಹೆಸರು ಅವನಿಗೆ ನೆನಪಿಲ್ಲ. ಹೆಸರು ಬದಲಾವಣೆಗೆ ಕಾಗದ ಹೋಗಿಲ್ಲ, ಆರ್‌ಸಿ ಇನ್ನೂ ಕೋಳಿ ವ್ಯಾಪಾರಿಯ ಹೆಸರಲ್ಲೇ ಇದೆ. ಜಾಡು ಅಲ್ಲಿಗೆ ನಿಂತಿದೆ. ಸಿಂಧು ತನ್ನ ಶಾಲೆಯ ಪೋಷಕರನ್ನೆಲ್ಲ ಕೇಳಿದ್ದಾಳೆ. ಚಹಾ ಅಂಗಡಿಯ ಮೂವರು ಮುದುಕರು ಊರ್ಗಾಂ ತಿರುವಿನಲ್ಲಿ ಬಿಳಿ ಕಾರುಗಳನ್ನು ನಿಲ್ಲಿಸಿ ನೋಡುತ್ತಿದ್ದಾರೆ. ದಿನಾ ಸಂಜೆ ಮುನಿಶಾಮಪ್ಪ ಫೋನ್ ಮಾಡಿ ಸಿಕ್ಕಿತಾ ಅಂತ ಕೇಳುತ್ತಾರೆ, ಇಲ್ಲ ಅನ್ನುತ್ತೇನೆ.

ಹಾಗಾಗಿ ಈ ವಾರ ನಿಮಗೆ ಉಪದೇಶ ಇಲ್ಲ. ಒಂದು ಬೇಡಿಕೆ ಮಾತ್ರ ಇದೆ. ಬಿಳಿ ಬಣ್ಣದ ಹಳೇ ಸಣ್ಣ ಕಾರು, ನಂಬರ್ ಈ ಅಂಕಣದ ಕೆಳಗೆ ಹಾಕಿಸಿದ್ದೇನೆ. ಹಿಂದಿನ ಎಡಗಡೆ ಬಾಗಿಲಿನ ಮೇಲೆ ಉದ್ದಕ್ಕೊಂದು ಗೀರು ಇದೆ, ನನ್ನ ಮಗಳು ಸೈಕಲ್ ಕಲಿಯುವಾಗ ಮಾಡಿದ್ದು. ಬ್ರೇಕ್ ಭಾಗ ಬದಲಾಯಿಸಬೇಕು, ಪುಕ್ಕಟೆ ಬದಲಾಯಿಸುತ್ತಾರೆ. ಪೇಪರ್ ಕೆಳಗಿಟ್ಟು ಒಂದು ನಿಮಿಷ ಹೊರಗೆ ಬಂದು ನೋಡಿ.

ಆ ಕಾರು ನಿಂತಿರುವುದು ನಿಮ್ಮ ಮನೆ ಮುಂದೆಯೇ ಅಲ್ಲ ತಾನೇ?